ಬೆಟ್ಟ-ನೀರಿನ ಹೆಸರಿನ ಯಂತ್ರ: ಸಾನ್ಸುಯಿ ಆಂಪ್ಲಿಫೈಯರ್‌ಗಳ ಏಳುಬೀಳು



ರಾಜಮನೆತನಗಳ, ಯುದ್ಧಗಳ, ಶಾಸನಗಳ ಕಥೆಯನ್ನೇ ಚರಿತ್ರೆಯೆಂದು ಓದಿ ಬೆಳೆದ ನಾವು, ಮನೆಯ ಮೂಲೆಯಲ್ಲಿ ಕುಳಿತ ಯಂತ್ರಕ್ಕೂ ಒಂದು ಚರಿತ್ರೆಯುಂಟೆಂಬುದನ್ನು ಬಹುಮಟ್ಟಿಗೆ ಮರೆಯುತ್ತೇವೆ. ಇಂದು ನಾವು ಎತ್ತಿಕೊಂಡಿರುವ ವಿಷಯ, 1960 ಮತ್ತು 1970ರ ದಶಕಗಳ ಜಪಾನಿ ಸ್ಟೀರಿಯೊ ಆಂಪ್ಲಿಫೈಯರ್; ಅದರಲ್ಲಿಯೂ ಸಾನ್ಸುಯಿ ಸಂಸ್ಥೆಯದು. ಅರ್ಧ ಶತಮಾನ ಕಳೆದ ಮೇಲೂ ಸಂಗ್ರಾಹಕರು ಇವುಗಳನ್ನು ಅರಸಿಕೊಂಡು ಹೋಗುವುದೇಕೆ? ಇದು ಬರಿಯ ಹಳೆಯದರ ಮೋಹವೇ, ಇಲ್ಲವೇ ಅದರಲ್ಲಿ ಉಳಿಸಿಕೊಳ್ಳತಕ್ಕದ್ದು ಏನಾದರೂ ಇದೆಯೇ?

'ಸಾನ್ಸುಯಿ' ಎಂಬ ಪದವನ್ನು ಜಪಾನೀಯರು ಬೆಟ್ಟ ಮತ್ತು ನೀರು ಎಂಬ ಅರ್ಥದ ಎರಡು ಅಕ್ಷರಗಳಿಂದ ಬರೆಯುತ್ತಾರೆ. ಭಾರತದ ಅನೇಕ ಮನೆಗಳಿಗೆ ಈ ಹೆಸರು ಪರಿಚಯವಾದದ್ದು ವಿಡಿಯೋಕಾನ್ ಸಂಸ್ಥೆ ಮಾರಿದ ಟೆಲಿವಿಷನ್‌ಗಳ ಮೂಲಕ. ಆದರೆ ಮೂಲ ಸಂಸ್ಥೆಯ ಕಥೆಯೇ ಬೇರೆ. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ಟೋಕಿಯೊದಲ್ಲಿ 1947ರಲ್ಲಿ ಕಿಕುಚಿ ಕೊಸಾಕು ಅದನ್ನು ಸ್ಥಾಪಿಸಿದರು. ಮೊದಲು ತಯಾರಿಸಿದ್ದು ಟ್ರಾನ್ಸ್‌ಫಾರ್ಮರ್‌ಗಳನ್ನು. ಇದು ಸಣ್ಣ ಸಂಗತಿಯಲ್ಲ. ವಾಲ್ವ್ ಆಂಪ್ಲಿಫೈಯರಿನಲ್ಲಿ ವಾಲ್ವಿಗೂ ಸ್ಪೀಕರಿಗೂ ಹೊಂದಾಣಿಕೆ ಮಾಡುವುದೇ ಟ್ರಾನ್ಸ್‌ಫಾರ್ಮರ್. ಅದು ಕಳಪೆಯಾದರೆ ಉಳಿದ ಭಾಗಗಳು ಎಷ್ಟು ಉತ್ತಮವಾಗಿದ್ದರೂ ನಾದ ಕೆಡುತ್ತದೆ. ಆ ಕೈಪಳಗಿಕೆಯ ಫಲವಾಗಿಯೇ 1965ರಲ್ಲಿ ಎಯು-111 ಎಂಬ ವಾಲ್ವ್ ಆಂಪ್ಲಿಫೈಯರ್ ಹೊರಬಂದಿತು. ಅದೇ ವರ್ಷ ಸೋನಿ ಸಂಸ್ಥೆ ಟಿಎ-1120 ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಹೊರತಂದಿತು. ಒಂದೇ ವರ್ಷದಲ್ಲಿ ಒಂದು ಯುಗದ ಮುಸ್ಸಂಜೆಯನ್ನೂ ಇನ್ನೊಂದರ ಬೆಳಗನ್ನೂ ನಾವು ಕಾಣುತ್ತೇವೆ.

ಈ ಯಂತ್ರಗಳು ಅಮೆರಿಕವನ್ನು ಸೇರಿದ ದಾರಿಯೂ ಕುತೂಹಲಕರ. ಜಪಾನ್, ಒಕಿನಾವಾ ಮತ್ತು ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನಿಕರು ತಮ್ಮ ಸೇನಾ ಮಳಿಗೆಗಳಲ್ಲಿ ಇವನ್ನು ಅಗ್ಗವಾಗಿ ಕೊಂಡು ಊರಿಗೆ ಸಾಗಿಸಿದರು. ಮುಂದೆ 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಅಲ್ಲಿಯವರೆಗೆ ಜಾಹೀರಾತುಗಳಲ್ಲಿ ಕ್ಷಣಮಾತ್ರ ಹೊಮ್ಮುವ ಶಕ್ತಿಯನ್ನೇ ದೊಡ್ಡದಾಗಿ ಹೇಳಿಕೊಳ್ಳುವುದು ರೂಢಿಯಾಗಿತ್ತು. ಇನ್ನು ಮೇಲೆ ಸತತವಾಗಿ ಕೊಡಬಲ್ಲ ವಾಟ್ ಎಷ್ಟು, ಆಗ ನಾದದ ವಿಕೃತಿ ಎಷ್ಟು ಎಂಬುದನ್ನು ಹೇಳಲೇಬೇಕಾಯಿತು. ಹೇಳಿದ ಮಾತಿಗೆ ತಕ್ಕ ಕಬ್ಬಿಣ, ತಾಮ್ರಗಳನ್ನು ಪೆಟ್ಟಿಗೆಯೊಳಗೆ ತುಂಬಬೇಕಾಯಿತು. 1977ರ ಸಾನ್ಸುಯಿ ಎಯು-717 ಪ್ರತಿ ಚಾನೆಲ್‌ಗೆ 85 ವಾಟ್ ಕೊಡುತ್ತಿತ್ತು. 1978ರಲ್ಲಿ ಬಂದ ಪಯೋನೀರ್ ಎಸ್‌ಎಕ್ಸ್-1980 ರಿಸೀವರ್ 270 ವಾಟ್‌ಗೇರಿತು. ಅದರ ತೂಕ ಸುಮಾರು 35 ಕಿಲೋ!

ಏರಿದ್ದು ಇಳಿಯಿತು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಿತು. 1985ರ ಪ್ಲಾಜಾ ಒಪ್ಪಂದದ ವೇಳೆಗೆ ಡಾಲರಿಗೆ ಸುಮಾರು 240 ಯೆನ್ ಇದ್ದದ್ದು 1988ರಲ್ಲಿ 130ರ ಆಸುಪಾಸಿಗೆ ಇಳಿದು, ಜಪಾನಿನ ಸರಕು ಹೊರದೇಶಗಳಲ್ಲಿ ದುಬಾರಿಯಾಯಿತು. 1989ರಲ್ಲಿ ಬ್ರಿಟನ್ನಿನ ಪಾಲಿ ಪೆಕ್ ಸಂಸ್ಥೆ ಸಾನ್ಸುಯಿಯನ್ನು ಕೈವಶ ಮಾಡಿಕೊಂಡಿತು. ಮರುವರ್ಷವೇ ಪಾಲಿ ಪೆಕ್ ಕುಸಿಯಿತು. ಸೊರಗುತ್ತ ಬಂದ ಸಾನ್ಸುಯಿ 2014ರಲ್ಲಿ ದಿವಾಳಿಯಾಯಿತು. ಹೆಸರು ಮಾತ್ರ ಬೇರೆಯವರ ಸರಕಿನ ಮೇಲೆ ಉಳಿಯಿತು.

ಹಾಗಾದರೆ ಆಕರ್ಷಣೆಯ ಗುಟ್ಟೇನು? ಅಳತೆಯ ಉಪಕರಣವನ್ನೇ ಮಾತಾಡಿಸಿದರೆ, ಇಂದಿನ ಸಾಧಾರಣ ಬೆಲೆಯ ಆಂಪ್ಲಿಫೈಯರ್ ಕೂಡ ವಿಕೃತಿಯಲ್ಲಿ ಇವುಗಳನ್ನು ಹಿಂದಿಕ್ಕಬಹುದು. ಆದ್ದರಿಂದ ಹಳೆಯ ಯಂತ್ರದಲ್ಲಿ ಮಂತ್ರಶಕ್ತಿಯಿದೆಯೆಂದು ನಾವು ಹೇಳಲಾರೆವು. ಕಪ್ಪು ಮುಖಫಲಕದ ಗಾಂಭೀರ್ಯ, ಗುಂಡಿ ತಿರುಗಿಸುವಾಗ ಬೆರಳಿಗೆ ಸಿಗುವ ತೂಕ ಇವೆಲ್ಲ ಇದ್ದೇ ಇವೆ. ಆದರೆ ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಕಾರಣ ಇನ್ನೊಂದು: ಇವು ಬಿಚ್ಚಿ ರಿಪೇರಿ ಮಾಡಲೆಂದೇ ಹುಟ್ಟಿದವು. ಸ್ಕ್ರೂ ತೆಗೆದರೆ ಮುಚ್ಚಳ ಬರುತ್ತದೆ. ಸರ್ವಿಸ್ ಪುಸ್ತಕದಲ್ಲಿ ಇಡೀ ಸರ್ಕ್ಯೂಟಿನ ನಕ್ಷೆ ಇರುತ್ತದೆ. ಕೆಟ್ಟ ಬಿಡಿಭಾಗವನ್ನು ಬೆಸುಗೆ ಬಿಚ್ಚಿ ಬದಲಿಸಬಹುದು.

ಆ ಅವಕಾಶಕ್ಕೂ ಮಿತಿಯಿದೆ. ದಶಕಗಳು ಕಳೆದಂತೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಳಗೇ ಒಣಗುತ್ತವೆ. ಕೆಲವು ಯಂತ್ರಗಳಲ್ಲಿ ಬಳಸಿದ ಅಂಟು ಕಂದಾಗಿ ಸುತ್ತಲಿನ ಲೋಹವನ್ನು ತಿನ್ನುತ್ತದೆ. ಕೆಪಾಸಿಟರ್ ಇಂದಿಗೂ ಸಿಗುತ್ತದೆ. ಆದರೆ ನಿಶಿಝಾವಾ ಜುನ್‌ಇಚಿ ಅವರ ಸಂಶೋಧನೆಯ ಆಧಾರದ ಮೇಲೆ ಯಮಾಹಾ ಸಂಸ್ಥೆ 1974ರ ಬಿ-1 ಆಂಪ್ಲಿಫೈಯರಿನಲ್ಲಿ ಬಳಸಿದ ವಿ-ಫೆಟ್ ಟ್ರಾನ್ಸಿಸ್ಟರ್‌ಗಳ ತಯಾರಿಕೆ ಎಂದೋ ನಿಂತಿದೆ. ಅದು ಸುಟ್ಟರೆ ಇನ್ನೊಂದು ಹಳೆಯ ಯಂತ್ರದಿಂದಲೇ ಕಿತ್ತು ತರಬೇಕು. ಒಂದನ್ನು ಬದುಕಿಸಲು ಇನ್ನೊಂದನ್ನು ಬಲಿಕೊಡುವ ಈ ಸ್ಥಿತಿ ಸಂಗ್ರಾಹಕರ ನಿಜವಾದ ಸಂಕಟ. ಬಿಡಿಭಾಗಕ್ಕಿಂತಲೂ ವಿರಳವಾಗುತ್ತಿರುವುದು ನಕ್ಷೆ ಓದಿ ದೋಷ ಹುಡುಕಬಲ್ಲ ಕುಶಲಿಗಳು. ಆ ವಿದ್ಯೆ ಪುಸ್ತಕದಿಂದ ಅರ್ಧ, ಗುರುವಿನ ಪಕ್ಕದಲ್ಲಿ ಕುಳಿತು ಅರ್ಧ ಬರುವಂಥದು.

ಆದ್ದರಿಂದ ಕೂಟದ ಬಂಧುಗಳಲ್ಲಿ ನಮ್ಮದೊಂದು ಮನವಿ. ನೆಲಮಾಳಿಗೆಯಲ್ಲಿ ಇಂಥ ಯಂತ್ರವೊಂದು ಧೂಳು ಹಿಡಿದು ಕುಳಿತಿದ್ದರೆ ಅವಸರದಲ್ಲಿ ಕಸಕ್ಕೆ ಹಾಕಬೇಡಿ. ವರ್ಷಗಳ ನಂತರ ಒಮ್ಮೆಲೇ ವಿದ್ಯುತ್ ಕೊಟ್ಟು ಪರೀಕ್ಷಿಸಲೂ ಬೇಡಿ. ಜಪಾನಿನ ಮನೆಗಳಿಗಾಗಿ ತಯಾರಾದದ್ದು 100 ವೋಲ್ಟಿನದು, ಭಾರತದ ವಿದ್ಯುತ್ತು 230 ವೋಲ್ಟ್ ಎಂಬುದು ನೆನಪಿರಲಿ. ಬಲ್ಲವರ ಕೈಗೆ ಕೊಡಿ, ಸಾಧ್ಯವಾದರೆ ಕುತೂಹಲವುಳ್ಳ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಯಲ್ಲಿ ಕೂರಿಸಿ. ಯಂತ್ರ ಮತ್ತೆ ಹಾಡಿದರೆ ಸಂತೋಷ. ಹಾಡದಿದ್ದರೂ ಆ ಮಗುವಿಗೆ ಬೆಸುಗೆ ಹಾಕುವುದು ಬಂದಿರುತ್ತದೆ.