ಪ್ರಬಂಧದ ಚೌಕಟ್ಟು ಎಲ್ಲಿಂದ ಬಂತು?

ಪ್ರೌಢಶಾಲೆಯ ವಿದ್ಯಾರ್ಥಿಗಳು ಸಿದ್ಧಪಡಿಸುವ ಸಂಶೋಧನಾ ವರದಿಗಳಲ್ಲಿ ಪೀಠಿಕೆ, ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ, ತೀರ್ಮಾನ ಎಂಬ ತಲೆಬರಹಗಳು ತಪ್ಪದೆ ಇರುತ್ತವೆ. ಈ ಕ್ರಮ ಏಕೆ ಎಂದು ಕೇಳಿದರೆ ‘ನಮ್ಮ ಮೇಷ್ಟ್ರು ಹೇಳಿದರು’ ಎಂಬ ಉತ್ತರ ಬರುತ್ತದೆ. ಆದರೆ ಈ ಚೌಕಟ್ಟಿಗೂ ಒಂದು ಚರಿತ್ರೆ ಇದೆ.

1665ರ ಮಾರ್ಚ್‌ನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದಾಗ ವಿಜ್ಞಾನ ಪ್ರಬಂಧವೆಂದರೆ ಹೆಚ್ಚುಕಡಿಮೆ ಒಂದು ಕಾಗದ. ಬೆಳಕು ಮತ್ತು ಬಣ್ಣಗಳನ್ನು ಕುರಿತು 1672ರಲ್ಲಿ ಅಲ್ಲಿ ಪ್ರಕಟವಾದ ನ್ಯೂಟನ್ನನ ಬರೆಹವೂ ಓಲ್ಡನ್‌ಬರ್ಗ್‌ಗೆ ಬರೆದ ಪತ್ರವೇ. ಅದರಲ್ಲಿ ತಲೆಬರಹಗಳಿಲ್ಲ. ಆದರೂ ಕಿಟಕಿಯ ರಂಧ್ರ ಸುಮಾರು ಕಾಲು ಅಂಗುಲ, ಪಟ್ಟಕದಿಂದ ಗೋಡೆಗೆ 22 ಅಡಿ ಎಂಬ ಅಳತೆಗಳಿವೆ. ಓದಿದವರು ತಮ್ಮ ಕೋಣೆಯಲ್ಲೇ ಅದನ್ನು ಮಾಡಿ ನೋಡಬಹುದಿತ್ತು. ನಾವು ಇಂದು ‘ವಿಧಾನ’ ಎನ್ನುವ ಭಾಗದ ಮೂಲ ಇಂಥ ಅಳತೆಗಳಲ್ಲೇ ಇದೆ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಭಾಗಗಳ ಅಚ್ಚು ಎಲ್ಲೆಡೆ ರೂಢಿಯಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರಲ್ಲೇ, 1963ರಲ್ಲಿ, ಜೀವವಿಜ್ಞಾನಿ ಪೀಟರ್ ಮೆಡವಾರ್ ಈ ಅಚ್ಚು ವಿಜ್ಞಾನಿಯ ಆಲೋಚನೆ ನಿಜವಾಗಿ ಸಾಗಿದ ದಾರಿಯನ್ನು ಮರೆಮಾಡುತ್ತದೆಂದು ಆಕ್ಷೇಪಿಸಿದ್ದರು.

ನಮ್ಮ ಊರಿನ ಉದಾಹರಣೆಯೊಂದಿದೆ. 1928ರ ಮಾರ್ಚ್ 16ರಂದು ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದಲ್ಲಿ, ‘ಹೊಸ ವಿಕಿರಣ’ವನ್ನು ಕುರಿತು ಉಪನ್ಯಾಸ ನೀಡಿದರು. ಮುಂದೆ ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚಾಯಿತು. ಅದರ ಜೋಡಣೆಯನ್ನು ಗಮನಿಸಿ. ಮೊದಲು ಬೆಳಕಿನ ಚದರಿಕೆಯ ಬಗ್ಗೆ ಅದುವರೆಗೆ ತಿಳಿದಿದ್ದ ಸಂಗತಿ, ಬಳಿಕ ಕಂಡ ಹೊಸ ವಿದ್ಯಮಾನ, ಅದು ಬೇರೆ ಬೇರೆ ವಸ್ತುಗಳಲ್ಲೂ ಕಾಣುತ್ತದೆಯೇ ಎಂಬ ಪರೀಕ್ಷೆ, ರೋಹಿತದ ಗೆರೆಗಳು. ಇಷ್ಟೆಲ್ಲ ಆದ ಮೇಲೆಯೇ ವಿವರಣೆ. ಕೊನೆಯಲ್ಲಿ, ಮಾಡಬೇಕಾದ ಕೆಲಸ ಇನ್ನೂ ಬಹಳ ಉಳಿದಿದೆ ಎಂಬ ಒಪ್ಪಿಗೆ ಮತ್ತು ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಅವರ ನೆನಕೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ.

1993ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆರಂಭವಾದ ಮೇಲೆ ಈ ಚೌಕಟ್ಟು ನಮ್ಮ ಹಳ್ಳಿ ಶಾಲೆಗಳನ್ನೂ ತಲಪಿತು. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯನ್ನು ಹಿಡಿದು, ಕನ್ನಡದಲ್ಲೇ ವರದಿ ಬರೆಯತೊಡಗಿದರು.

ಕೆಲವು ವರ್ಷಗಳ ಹಿಂದೆ ಪೀಣ್ಯದ ಕಡೆಯ ಶಾಲೆಯೊಂದರ ವಿಜ್ಞಾನ ಮೇಳಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಲೋಹ ಲೇಪನದ ಘಟಕಗಳಿರುವ ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ತಿಳಿದ ವಿಷಯ. ಒಂಬತ್ತನೆಯ ತರಗತಿಯ ಒಂದು ತಂಡ ತಮ್ಮ ಬೀದಿಗಳ ಕೊಳವೆ ಬಾವಿಗಳ ನೀರನ್ನು ಟಿಡಿಎಸ್ ಮೀಟರಿನಿಂದ ಅಳೆದಿತ್ತು. ಮೊದಲ ನಾಲ್ಕು ಪುಟ ಜಲದ ಮಹಿಮೆ. ಕೋಷ್ಟಕ ಅರ್ಧ ಪುಟ. ತೀರ್ಮಾನ ‘ನೀರಿನಲ್ಲಿ ಕ್ರೋಮಿಯಂ ಇದೆ’. ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಕರಗಿದ ಲವಣ ಒಟ್ಟು ಎಷ್ಟು ಎಂಬ ಅಂದಾಜು ಅದರಿಂದ ಸಿಗುತ್ತದೆ, ಯಾವ ಲವಣ ಎಂಬುದಲ್ಲ. ತೀರ್ಮಾನ ನಿಜವಿರಬಹುದು, ಆದರೆ ಆ ವಿಧಾನದಿಂದ ಅದು ಹೊರಡುವುದಿಲ್ಲ.

‘ಒಟ್ಟು ಎಷ್ಟು ಬಾವಿ ನೋಡಿದಿರಿ?’ ಎಂದೆ. ‘ಎಂಟು ಸರ್. ಒಂದನ್ನು ಬಿಟ್ಟೆವು. ಅದರಲ್ಲಿ ತುಂಬ ಕಡಿಮೆ ಬಂತು, ಲೆಕ್ಕ ಕೆಡುತ್ತಿತ್ತು’ ಎಂದಳು ಒಬ್ಬ ಹುಡುಗಿ. ಆ ಬಾವಿಯನ್ನು ಹಿಂದಿನ ಬೇಸಿಗೆಯಲ್ಲಿ ಇನ್ನೂ ಆಳಕ್ಕೆ ಕೊರೆಸಿದ್ದರೆಂಬುದೂ ಆಕೆಗೆ ಗೊತ್ತಿತ್ತು. ಆಳಕ್ಕೂ ಲವಣಕ್ಕೂ ಸಂಬಂಧವಿದೆಯೇ ಎಂಬ, ಇಡೀ ವರದಿಯಲ್ಲೇ ಹೆಚ್ಚು ಬೆಲೆಯ ಪ್ರಶ್ನೆ ಹೀಗೆ ಹೊರಗೆ ಉಳಿದಿತ್ತು. ‘ಚರ್ಚೆ’ ಎಂಬ ಭಾಗ ಇರುವುದೇ ಇಂಥ ಬಾವಿಗಾಗಿ.

ಅಂದು ಆ ತಂಡಕ್ಕೆ ನಾನು ಕಡಿಮೆ ಅಂಕ ಕೊಟ್ಟೆ. ತಲೆಬರಹಗಳೆಲ್ಲ ಅಚ್ಚುಕಟ್ಟಾಗಿದ್ದ ಮತ್ತೊಂದು ವರದಿಗೆ ಬಹುಮಾನ ಹೋಯಿತು. ಅದರಲ್ಲಿ ಎಷ್ಟು ಬಾವಿ ಬಿಟ್ಟಿದ್ದರೋ, ನಾನು ಕೇಳಲೇ ಇಲ್ಲ.