ಸರಕು ಸಾಗಣೆ ವಾಹನಗಳ ಅಶ್ವಶಕ್ತಿ: ಇಂಜಿನ್ನಿನಲ್ಲಿ ಹಾಗೂ ಚಕ್ರದಲ್ಲಿ

ವಾಹನ ನೋಂದಣಿಗಾಗಿ ಸಲ್ಲಿಸುವ ನಮೂನೆ 20ರಲ್ಲಿ ಅಶ್ವಶಕ್ತಿಯ ಅಂಕಣವಿರುತ್ತದೆ. ಇದರಲ್ಲಿ ತಯಾರಕರು ಘೋಷಿಸಿರುವ ಇಂಜಿನ್ನಿನ ಶಕ್ತಿಯನ್ನು ನಮೂದಿಸತಕ್ಕದ್ದು. ಖಾಸಗಿ ವರ್ಕ್‌ಶಾಪಿನಲ್ಲಿ ಲಾರಿಯನ್ನು ರೋಲರ್ ಮೇಲೆ ಓಡಿಸಿ ಪಡೆದ ಅಂಕಿಯು ಕಡಿಮೆಯಿರುವುದನ್ನು ಕಂಡು, ನೋಂದಣಿ ಪ್ರಮಾಣ ಪತ್ರದಲ್ಲಿ ತಪ್ಪಿದೆಯೆಂದಾಗಲಿ ವಾಹನವೇ ದೋಷಪೂರಿತವೆಂದಾಗಲಿ ಮಾಲೀಕರು ಭಾವಿಸುವುದುಂಟು. ಈ ಎರಡು ಅಂಕಿಗಳು ಬೇರೆ ಬೇರೆ ಸ್ಥಳಗಳಲ್ಲಿ ಅಳೆದವುಗಳಾಗಿದ್ದು, ಸಮನಾಗಿರಲು ಸಾಧ್ಯವಿಲ್ಲ.

ಘೋಷಿತ ಶಕ್ತಿಯನ್ನು ವಾಹನದಿಂದ ಹೊರತೆಗೆದ ಇಂಜಿನ್ನನ್ನು ಡೈನಮೋಮೀಟರಿಗೆ ಜೋಡಿಸಿ ಅಳೆಯಲಾಗುತ್ತದೆ. ಯಂತ್ರವು ಇಂಜಿನ್ನಿಗೆ ತಡೆಯೊಡ್ಡಿ ಟಾರ್ಕ್ ಅನ್ನು ಅಳೆಯುತ್ತದೆ. ಫ್ರಾನ್ಸಿನ ಪ್ರೋನಿ ಎಂಬುವವರು 1821ರಲ್ಲಿ ರೂಪಿಸಿದ ಬ್ರೇಕ್ ಸಾಧನದ ತತ್ವವೂ ಇದೇ ಆಗಿತ್ತು. ‘ಬ್ರೇಕ್ ಹಾರ್ಸ್ ಪವರ್’ ಎಂಬ ಹೆಸರಿನಲ್ಲಿರುವ ಬ್ರೇಕ್ ಪದವು ಇಂತಹ ಸಾಧನಕ್ಕೆ ಸಂಬಂಧಿಸಿದ್ದೇ ಹೊರತು ವಾಹನದ ಬ್ರೇಕಿಗಲ್ಲ. ಟಾರ್ಕನ್ನು (ನ್ಯೂಟನ್ ಮೀಟರ್) ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ದೊರೆಯುತ್ತದೆ. ಉದಾಹರಣೆಗೆ, 1500 ಸುತ್ತಿನಲ್ಲಿ 850 ನ್ಯೂಟನ್ ಮೀಟರ್ ಎಂದರೆ 133.5 ಕಿಲೋವ್ಯಾಟ್, ಅಂದರೆ ಸುಮಾರು 181.5 ಮೆಟ್ರಿಕ್ ಅಶ್ವಶಕ್ತಿ. ಮೆಟ್ರಿಕ್ ಅಶ್ವಶಕ್ತಿಯು 735.5 ವ್ಯಾಟ್, ಬ್ರಿಟಿಷ್ ಅಶ್ವಶಕ್ತಿಯು 745.7 ವ್ಯಾಟ್ ಆಗಿರುವುದರಿಂದ, ಹೋಲಿಸುವ ಮುನ್ನ ಯಾವ ಮಾನವೆಂಬುದನ್ನು ಖಚಿತಪಡಿಸಿಕೊಳ್ಳುವುದು.

ಇಂಜಿನ್ನಿನಿಂದ ಹೊರಟ ಶಕ್ತಿಯು ಗೇರ್ ಬಾಕ್ಸ್, ಜಾಯಿಂಟ್ ಶಾಫ್ಟ್, ಡಿಫರೆನ್ಷಿಯಲ್ ಹಾಗೂ ಹಬ್‌ಗಳನ್ನು ದಾಟಿ ಚಕ್ರವನ್ನು ಸೇರಬೇಕು. ಹಲ್ಲುಗಳ ಘರ್ಷಣೆ, ಬೇರಿಂಗು, ಆಯಿಲ್ ಕಲಕುವಿಕೆ ಇವುಗಳಲ್ಲಿ ಒಂದಂಶ ಶಾಖವಾಗಿ ಹೋಗುತ್ತದೆ. ರೋಲರ್ ಮೇಲೆ ಟೈರಿನ ನಷ್ಟವೂ ಸೇರುತ್ತದೆ. ಹಿಂಬದಿಯ ಒಂದೇ ಆಕ್ಸಲ್ ಎಳೆಯುವ ಲಾರಿಯಲ್ಲಿ ಒಟ್ಟು ನಷ್ಟವನ್ನು ಸಾಮಾನ್ಯವಾಗಿ ಶೇಕಡ 10 ರಿಂದ 15 ಎಂದು ಎಣಿಸುವುದು ರೂಢಿ. ಎರಡು ಆಕ್ಸಲ್ ಎಳೆಯುವ ವಾಹನಗಳಲ್ಲಿ ಇದು ಹೆಚ್ಚು. ಕೆಳ ಗೇರಿನಲ್ಲಿ ಚಕ್ರದ ಟಾರ್ಕ್ ಹಲವು ಪಟ್ಟಾಗುತ್ತದೆಯೇ ವಿನಾ ಶಕ್ತಿ ಹೆಚ್ಚುವುದಿಲ್ಲ.

ನಷ್ಟವನ್ನು ಹಿಂದಕ್ಕೆ ಲೆಕ್ಕ ಹಾಕುವಲ್ಲಿ ಒಂದು ತಪ್ಪು ಸಾಮಾನ್ಯ. ಚಕ್ರದಲ್ಲಿ 155 ಬಂದು, ನಷ್ಟ ಶೇಕಡ 15 ಎಂದಾದರೆ 155ನ್ನು 0.85ರಿಂದ ಭಾಗಿಸಬೇಕು, ಉತ್ತರ ಸುಮಾರು 182. ಶೇಕಡ 15 ಕೂಡಿಸಿದರೆ 178 ಮಾತ್ರ ಬರುತ್ತದೆ. ಆಯಿಲ್ ತಣ್ಣಗಿದ್ದರೆ, ಗೇರ್ ಬದಲಾದರೆ ಶೇಕಡಾವಾರು ಪ್ರಮಾಣವೂ ಬದಲಾಗುವುದರಿಂದ, ಇಂತಹ ಲೆಕ್ಕವು ಅಂದಾಜು ಮಾತ್ರ. ಇಂಜಿನ್ ಸೊರಗಿದೆಯೇ ಎಂದು ತಿಳಿಯಲು ಅದೇ ವಾಹನವನ್ನು ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ ಹಿಂದೆ ಪಡೆದ ಅಂಕಿಯೊಡನೆ ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ.

ವಾಹನದ ಮಾದರಿಯ ಪರೀಕ್ಷೆಯು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಲ್ಲಿ ಹೆಸರಿಸಿರುವ ಸಂಸ್ಥೆಗಳಲ್ಲಿ ನಡೆಯುತ್ತದೆ. ಅರ್ಹತಾ ಪತ್ರದ ನವೀಕರಣದಲ್ಲಿ ಬ್ರೇಕ್, ದೀಪ, ಹೊಗೆ ಮುಂತಾದವುಗಳನ್ನು ಪರಿಶೀಲಿಸಲಾಗುತ್ತದೆಯೇ ಹೊರತು ಅಶ್ವಶಕ್ತಿಯನ್ನಲ್ಲ. ಆದ್ದರಿಂದ ರೋಲರ್ ವರದಿಯನ್ನು ಅರ್ಜಿಯೊಂದಿಗೆ ಲಗತ್ತಿಸುವ ಅಗತ್ಯವಿರುವುದಿಲ್ಲ. ಆದರೆ ಇಂಜಿನ್ನನ್ನೇ ಬದಲಾಯಿಸುವುದಿದ್ದಲ್ಲಿ, ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಂತೆ ನೋಂದಣಿ ಪ್ರಾಧಿಕಾರದ ಅನುಮೋದನೆಯನ್ನು ಕೆಲಸ ಆರಂಭಿಸುವ ಮೊದಲೇ ಪಡೆಯತಕ್ಕದ್ದು.