ಗಿಟಾರ್ ಮತ್ತು ತಯಾರಿಕೆಯ ದೇಶ

ಕಾರ್ಖಾನೆಯಲ್ಲಿ ತಯಾರಾಗುವ ಗಿಟಾರಿನ ಬೆಲೆಯನ್ನೂ ಹೆಸರನ್ನೂ ಬ್ರ್ಯಾಂಡಿನಷ್ಟೇ ಬಲವಾಗಿ ನಿರ್ಧರಿಸುವ ಅಂಶ ಅದು ತಯಾರಾದ ದೇಶ. ಆಮದು ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕೆಂದು ಅಮೆರಿಕ ವಿಧಿಸಿದ್ದು 1890ರ ಮೆಕಿನ್ಲಿ ಸುಂಕ ಕಾಯ್ದೆಯಲ್ಲಿ. ಸುಂಕದ ಕಾಯ್ದೆಯಿಂದ ಬಂದ ಆ ಗುರುತು ಇಪ್ಪತ್ತನೆಯ ಶತಮಾನದಲ್ಲಿ ವಾದ್ಯದ ಮಾನದಂಡವೇ ಆಯಿತು.

ಅಮೆರಿಕದ ಗಿಟಾರ್ ಉದ್ಯಮದ ಬೇರು ಯುರೋಪಿನಲ್ಲಿದೆ. ವಾದ್ಯ ತಯಾರಕರ ಊರಾದ ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಷೆನ್‌ನಿಂದ ಸಿ. ಎಫ್. ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿಗೆ ಬಂದು, ಮುಂದೆ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆನಿಂತರು. ಲಿಯೋ ಫೆಂಡರ್ 1946ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದರು. ಅವರ ಸ್ಟ್ರಾಟೋಕಾಸ್ಟರ್ 1954ರಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಈ ಕಂಪನಿಯನ್ನು 1.3 ಕೋಟಿ ಡಾಲರಿಗೆ ಕೊಂಡಿತು. ಉತ್ಪಾದನೆ ಹಿಗ್ಗಿತು, ಕೆಲಸದ ಅಚ್ಚುಕಟ್ಟು ಕುಗ್ಗಿತೆಂಬ ದೂರು ಎದ್ದಿತು. ಊರು ಅದೇ, ದೇಶ ಅದೇ. ಆದರೂ ಸಿಬಿಎಸ್‌ಗೆ ಮುಂಚಿನ ಗಿಟಾರುಗಳಿಗೆ ಸಂಗ್ರಹಕಾರರು ಇಂದಿಗೂ ಹೆಚ್ಚು ಹಣ ತೆರುತ್ತಾರೆ.

ಈ ಇತಿಹಾಸದ ದೊಡ್ಡ ತಿರುವು ಜಪಾನಿನದು. 1960ರ ದಶಕದಲ್ಲಿ ಅಲ್ಲಿಂದ ಬರುತ್ತಿದ್ದ ಗಿಟಾರುಗಳಿಗೆ ಅಗ್ಗದ ಸರಕೆಂಬ ಹೆಸರಿತ್ತು. ಆದರೆ ಮಾತ್ಸುಮೋಟೊದಲ್ಲಿ 1960ರಲ್ಲಿ ಹುಟ್ಟಿದ ಫುಜಿಗೆನ್‌ನಂಥ ಕಾರ್ಖಾನೆಗಳು ವರ್ಷ ವರ್ಷಕ್ಕೆ ಕೈ ಪಳಗಿಸಿಕೊಂಡವು. ಅಮೆರಿಕದ ಗಿಬ್ಸನ್ ಕಂಪನಿಯ ಮಾದರಿಗಳ ನಕಲುಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್ ಸಂಸ್ಥೆ ಜಪಾನಿನ ಐಬನೆಜ್ ಬ್ರ್ಯಾಂಡಿನ ಗಿಟಾರುಗಳ ತುದಿಭಾಗವಾದ ಹೆಡ್‌ಸ್ಟಾಕ್ ವಿನ್ಯಾಸದ ಬಗ್ಗೆ 1977ರಲ್ಲಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಫೆಂಡರ್ ಹಿಡಿದದ್ದು ಬೇರೆ ದಾರಿ. 1982ರಲ್ಲಿ ಅದು ಜಪಾನಿನ ಪಾಲುದಾರರೊಂದಿಗೆ ಫೆಂಡರ್ ಜಪಾನ್ ಸ್ಥಾಪಿಸಿ, ಫುಜಿಗೆನ್‌ನಲ್ಲೇ ಗಿಟಾರ್ ಮಾಡಿಸತೊಡಗಿತು. ಅಗ್ಗದ ಸಾಲಿಗೆ ಸ್ಕ್ವಾಯರ್ ಎಂಬ ಹೆಸರು ಬಂತು. 1985ರಲ್ಲಿ ಬಿಲ್ ಶುಲ್ಟ್ಸ್ ನೇತೃತ್ವದ ನೌಕರರ ತಂಡ ಸಿಬಿಎಸ್‌ನಿಂದ ಕಂಪನಿಯನ್ನು ಕೊಂಡಾಗ ಫುಲ್ಲರ್ಟನ್ ಕಾರ್ಖಾನೆ ಆ ಖರೀದಿಯಲ್ಲಿ ಸೇರಿರಲಿಲ್ಲ. ಕ್ಯಾಲಿಫೋರ್ನಿಯಾದ ಕರೋನಾ ಪಟ್ಟಣದ ಹೊಸ ಕಾರ್ಖಾನೆ ನೆಲೆಯೂರುವವರೆಗೆ ಫೆಂಡರ್‌ ಹೆಸರನ್ನು ಉಳಿಸಿದ್ದು ಜಪಾನಿನ ಕೆಲಸಗಾರರು. ಅಂದು ಅಗ್ಗವೆಂದು ಮಾರಾಟವಾದ, 'ಜೆವಿ' ಸರಣಿ ಸಂಖ್ಯೆಯ ಸ್ಕ್ವಾಯರ್‌ಗಳನ್ನು ಈಗ ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ.

ಜಪಾನಿನಲ್ಲಿ ಕೂಲಿ ಏರಿದಂತೆ ಉತ್ಪಾದನೆ ಕೊರಿಯಾಕ್ಕೆ, ಅಲ್ಲಿಂದ ಇಂಡೋನೇಷ್ಯಾ ಮತ್ತು ಚೀನಾಕ್ಕೆ ಸರಿಯಿತು. ಫೆಂಡರ್ 1987ರಲ್ಲಿ ಮೆಕ್ಸಿಕೋದ ಎನ್ಸೆನಾಡದಲ್ಲಿ ಕಾರ್ಖಾನೆ ತೆರೆಯಿತು. ಅಮೆರಿಕದ ಪಿಆರ್‌ಎಸ್ ಕಂಪನಿಯ ಅಗ್ಗದ ಎಸ್‌ಇ ಸರಣಿ 2001ರಲ್ಲಿ ಕೊರಿಯಾದಲ್ಲಿ ಆರಂಭವಾಗಿ ನಂತರ ಇಂಡೋನೇಷ್ಯಾಕ್ಕೆ ಹೋಯಿತು. ಈ ಸ್ಥಳಾಂತರಗಳ ಬೆಲೆ ತೆತ್ತವರೂ ಇದ್ದಾರೆ: ಕೊರಿಯಾದ ಗಿಟಾರ್ ಕಂಪನಿ ಕೋರ್ಟ್ (Cort) 2007ರಿಂದ ಅಲ್ಲಿನ ಕಾರ್ಖಾನೆಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರ ಹೋರಾಟ 2019ರವರೆಗೂ ನಡೆಯಿತು.

ಬೆಲೆಯ ಅಂತರ ಹುಟ್ಟುವುದು ಎರಡು ಕಡೆ. ಮೊದಲನೆಯದು ಕೂಲಿ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಯಾವ ದೇಶದಲ್ಲಾದರೂ ಮರವನ್ನು ಒಂದೇ ಅಳತೆಗೆ ಕೊರೆಯುತ್ತವೆ. ಆದರೆ ಫ್ರೆಟ್‌ಗಳ ಅಂಚು ನಯಗೊಳಿಸುವುದು, ತಂತಿಯ ಎತ್ತರ ಹೊಂದಿಸುವುದು, ಕೊನೆಯ ತಪಾಸಣೆ ಇವೆಲ್ಲ ಮನುಷ್ಯರ ಕೈ ಮತ್ತು ಸಮಯ ಬೇಡುವ ಕೆಲಸಗಳು. ಎರಡನೆಯದು ಕಂಪನಿಯ ತೀರ್ಮಾನ. ಅಗ್ಗದ ಮಾದರಿಗೆ ಅಗ್ಗದ ಮರ, ಸೆರಾಮಿಕ್ ಅಯಸ್ಕಾಂತದ ಪಿಕಪ್, ಸಾಧಾರಣ ಬ್ರಿಡ್ಜ್ ಹಾಕಬೇಕೆಂದು ಆದೇಶಿಸುವುದು ಮೂಲ ಕಂಪನಿಯೇ. ದೇಶದ ಮೇಲೆ ಹೊರಿಸುವ ಎಷ್ಟೋ ಕೊರತೆಗಳು ಈ ಆದೇಶಪಟ್ಟಿಯಿಂದ ಬಂದವು.

'ಅಮೆರಿಕದ' ಗಿಟಾರ್ ಎಂಬುದರಲ್ಲೂ ಹೊರನಾಡಿನ ಪಾಲುಂಟು. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, 1969ರಲ್ಲಿ ಮಾರ್ಟಿನ್ ಕಂಪನಿ ಭಾರತೀಯ ರೋಸ್‌ವುಡ್‌ಗೆ ಬದಲಾಯಿತು. ಕರ್ನಾಟಕ, ಕೇರಳ, ತಮಿಳುನಾಡುಗಳ ಕಾಡುಗಳಲ್ಲಿ ಬೆಳೆಯುವ ಬೀಟೆ ಮರವೇ ಅದು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವು 2017ರಲ್ಲಿ ಬೀಟೆಯನ್ನೂ ನಿಯಂತ್ರಿತ ಪಟ್ಟಿಗೆ ಸೇರಿಸಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ.

ಕೊಳ್ಳುವವರ ನಂಬಿಕೆ ಕಿವಿಗಿಂತ ಕಣ್ಣಿನಿಂದ ಎಷ್ಟು ರೂಪುಗೊಳ್ಳುತ್ತದೆ ಎಂಬುದಕ್ಕೆ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸುಳಿವು. ಹಿಂಭಾಗ ಮತ್ತು ಬದಿಗಳ ಮರ ಮಾತ್ರ ಬೇರೆಯಾಗಿದ್ದ ಆರು ಅಕೌಸ್ಟಿಕ್ ಗಿಟಾರುಗಳನ್ನು ಮರ ಕಾಣದಂತೆ ನುಡಿಸಿದ ವಾದಕರು, ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರು.

ಹಳೆಯ ಗಿಟಾರಿನ ಮಾರಾಟದಲ್ಲಿ ದೇಶದ ಹೆಸರಿಗೆ ಇಂದಿಗೂ ಬೆಲೆಯಿದೆ. ಅಮೆರಿಕದ ಮತ್ತು ಜಪಾನಿನ ವಾದ್ಯಗಳು ಬೇಗ ಮಾರಾಟವಾಗುತ್ತವೆ. ನುಡಿಸಲು ಕೊಳ್ಳುವವರು ಮಾತ್ರ ನೆಕ್ ನೆಟ್ಟಗಿದೆಯೇ, ಫ್ರೆಟ್‌ಗಳು ಸಮವಾಗಿವೆಯೇ, ಶ್ರುತಿ ನಿಲ್ಲುತ್ತದೆಯೇ ಎಂದು ಮೊದಲು ಪರೀಕ್ಷಿಸಿ, ದೇಶದ ಹೆಸರನ್ನು ಕೊನೆಗೆ ಓದುವುದು ಸೂಕ್ತ.